ಮಾನ್ವಿಯ ಕಪಾಟು

ಎಂಥ ಅಂಟಾದರೂ ಸರಿ, ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟರೆ ತಾನಾಗಿ ಎದ್ದು ಬರುತ್ತದೆ ಎಂದು ಪಕ್ಕದ ಮನೆಯ ಸೆವ್ರಿನ್ ಬಾಯಿ ಹೇಳಿಕೊಟ್ಟಿದ್ದರು. ಹೋದ ಭಾನುವಾರ ಒಂದು ಬಟ್ಟಲಲ್ಲಿ ಎಣ್ಣೆ, ಕೈಯಲ್ಲಿ ಹಳೆ ಬನಿಯನ್ನಿನ ಚೂರು ಹಿಡಿದುಕೊಂಡು ಮಾನ್ವಿಯ ಕೋಣೆಗೆ ಹೋದೆ. ಅಲ್ಲಿರುವ ಕಪಾಟಿನಲ್ಲಿ ಇನ್ನು ನನ್ನ ಶಾಲೆಯ ಪುಸ್ತಕಗಳನ್ನು ಇಡುವುದೆಂದು ತೀರ್ಮಾನವಾಗಿತ್ತು. ಬಾಗಿಲಿನ ಒಳಮೈಯಲ್ಲಿ ಐದು ಚೀಟಿಗಳು. ನನ್ನದೇ ದುಂಡಗಿನ ಅಕ್ಷರ: ಶಾಲೆಯ ಅಂಗಿ, ಮನೆಯ ಅಂಗಿ, ಒಳ ಉಡುಪು, ರಿಬ್ಬನ್, ಚಿತ್ರದ ಸಾಮಾನು. ಮೊದಲನೆಯದಕ್ಕೆ ಎಣ್ಣೆ ಹಚ್ಚಿದೆ. ಕಾಲು ಗಂಟೆ ಕಾಯಬೇಕಲ್ಲ ಎಂದು ಮಂಚದ ಮೇಲೆ ಕೂತೆ. ಕೂತದ್ದೇ ತಪ್ಪಾಯಿತು. ಊಟಕ್ಕೆ ಕರೆಯುವವರೆಗೆ ಎದ್ದೇಳಲಿಲ್ಲ. ಒಂದು ಚೀಟಿ ಎದ್ದು ಬಂತು, ನಾಲ್ಕು ಉಳಿದವು. ಇರಲಿ ಬಿಡಿ, ಅವು ಅಲ್ಲಿದ್ದರೆ ಪುಸ್ತಕಗಳಿಗೇನೂ ತೊಂದರೆಯಿಲ್ಲ.

ಮಾನ್ವಿ ನನ್ನ ತಂಗಿ ಹರಿಣಾಕ್ಷಿಯ ಮಗಳು. ತಂಗಿ ಕುವೈತಿನಲ್ಲಿ ನರ್ಸು, ಅವಳ ಗಂಡ ಅಲ್ಲೇ ಡ್ರೈವರು. ಇಬ್ಬರದೂ ಪಾಳಿಯ ಕೆಲಸ, ಮಗುವನ್ನು ನೋಡಿಕೊಳ್ಳುವವರಿಲ್ಲ. ಇಲ್ಲಿ ಬಂದ್ಯೋಡಿನಲ್ಲಿ ನಾನು ಮತ್ತು ನನ್ನ ಯಜಮಾನರು, ನಮಗೆ ಮಕ್ಕಳಿಲ್ಲ. ಹೀಗಾಗಿ ನಾಲ್ಕು ವರ್ಷ ತುಂಬಿದಾಗ ಬಂದ ಮಾನ್ವಿ ಹನ್ನೊಂದು ತುಂಬುವವರೆಗೆ ನಮ್ಮಲ್ಲಿ ಬೆಳೆದಳು. ಅದಕ್ಕಿಂತ ಮೊದಲು ಹರಿಣಿಯಿಂದ ನನಗೆ ಏನಾದರೂ ಸಿಕ್ಕಿದ ನೆನಪಿಲ್ಲ. ಕೊಡುವವಳು ಯಾವಾಗಲೂ ನಾನೇ ಆಗಿದ್ದೆ.

ನೆಕ್ರಾಜೆಯ ನಮ್ಮ ತವರುಮನೆಯಲ್ಲಿ ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ಅಮ್ಮ ಬೀಡಿ ಕಟ್ಟುತ್ತಿದ್ದ ಜಗಲಿ. ಮಕ್ಕಳ ಕೋಣೆ ಎಂಬ ಮಾತನ್ನು ನಾವು ಕೇಳಿರಲಿಲ್ಲ. ಅಕ್ಕತಂಗಿಯರಿಬ್ಬರಿಗೆ ಸೇರಿ ಒಂದು ತಗಡಿನ ಟ್ರಂಕು. ನಡುವೆ ಒಂದು ರಟ್ಟಿನ ತುಂಡನ್ನು ನಿಲ್ಲಿಸಿ, ಎಡಕ್ಕೆ ನನ್ನದು, ಬಲಕ್ಕೆ ಅವಳದ್ದು ಎಂದು ಅಮ್ಮ ಪಾಲು ಮಾಡಿಕೊಟ್ಟಿದ್ದರು. ಹರಿಣಿ ದಿನಕ್ಕೊಂದು ನೂಲಿನಷ್ಟು ಆ ರಟ್ಟನ್ನು ನನ್ನ ಕಡೆಗೆ ದೂಡುತ್ತಿದ್ದಳು. ತಿಂಗಳ ಕೊನೆಗೆ ನೋಡಿದರೆ ನನ್ನ ಎರಡು ಅಂಗಿಗಳು ಉಸಿರುಗಟ್ಟಿ ನಿಂತಿರುತ್ತಿದ್ದವು. ದೂರು ಹೇಳಿದರೆ ಅಮ್ಮ ಬೀಡಿಯ ಎಲೆಯಿಂದ ಕಣ್ಣೆತ್ತದೆ, "ಅವಳು ಚಿಕ್ಕವಳಲ್ವಾ, ಕೊಡು," ಎನ್ನುತ್ತಿದ್ದರು. ಮಲಗುವುದೂ ಒಂದೇ ಚಾಪೆಯಲ್ಲಿ. ನನ್ನ ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿಯದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಬೆಳಿಗ್ಗೆ ನಾನು ಎದ್ದೇಳಬೇಕಾದರೆ ಮೊದಲು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕು. ಅಂಥವಳು ತನ್ನ ಮಗುವನ್ನೇ ತಂದು ನನ್ನ ಕೈಗಿತ್ತಾಗ, ನಿಜ ಹೇಳುತ್ತೇನೆ, ನನಗೆ ಅವಳ ಸಂಕಟಕ್ಕಿಂತ ನನ್ನ ಸಂತೋಷವೇ ದೊಡ್ಡದಾಗಿ ಕಂಡಿತು.

ಮಕ್ಕಳನ್ನು ಬೆಳೆಸುವ ವಿದ್ಯೆಯಲ್ಲಿ ಆಗ ನಾನು ಪಂಡಿತೆ. ಪುತ್ತಿಗೆ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್ ನಾನು. ಪಿಟಿಎ ಸಭೆಯಲ್ಲಿ ಹೆಡ್‌ಮಾಸ್ಟರು, "ಮಕ್ಕಳನ್ನು ಬೆಳೆಸುವ ಬಗ್ಗೆ ಎರಡು ಮಾತು ನಮ್ಮ ಟೀಚರ್ ಹೇಳ್ತಾರೆ," ಎನ್ನುತ್ತಿದ್ದರು. ನನ್ನ ಎರಡು ಮಾತಿಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಮಗುವಿಗೆ ಅದರದ್ದೇ ಆದ ಒಂದು ಜಾಗ ಬೇಕು. ಕೋಣೆ ಇಲ್ಲದಿದ್ದರೆ ಮೂಲೆಯಾದರೂ ಸಾಕು. ಸಾಮಾನುಗಳು ಮಗುವಿನ ಕೈಗೆ ಎಟಕುವಂತಿರಬೇಕು. ಪ್ರತಿಯೊಂದಕ್ಕೂ ಒಂದು ಸ್ಥಳ, ಪ್ರತಿಯೊಂದೂ ಅದರ ಸ್ಥಳದಲ್ಲಿ. ಓದುವ ಮೇಜಿಗೆ ಬೆಳಕು ಎಡಗಡೆಯಿಂದ ಬರಬೇಕು, ಇಲ್ಲದಿದ್ದರೆ ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ. ಒಮ್ಮೆ ಹಿಂದಿನ ಸಾಲಿನ ತಾಯಿಯೊಬ್ಬಳು ಪಕ್ಕದವಳನ್ನು, "ಟೀಚರಿಗೆ ಎಷ್ಟು ಮಕ್ಕಳು?" ಎಂದು ಮೆಲ್ಲನೆ ಕೇಳಿದ್ದು ನನಗೆ ಕೇಳಿಸಿತು. ಕೇಳಿಸದವಳಂತೆ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಮಾತಾಡಿದೆ.

ಮನೆಭೇಟಿಗೆ ಹೋದಾಗ ಬೇರೆಯದೇ ಕಾಣುತ್ತಿತ್ತು, ಅದನ್ನು ಮಾತ್ರ ಸಭೆಯಲ್ಲಿ ಹೇಳುತ್ತಿರಲಿಲ್ಲ. ಗಲ್ಫಿನ ದುಡಿಮೆಯ ದೊಡ್ಡ ಮನೆಗಳಲ್ಲಿ ಮಕ್ಕಳಿಗೆಂದು ಎಸಿ ಹಾಕಿಸಿದ ಕೋಣೆ, ಒಂದರ ಮೇಲೊಂದು ಇರುವ ಮಂಚ. ಮೇಲಿನ ಮಂಚದಲ್ಲಿ ಹೆಚ್ಚಿನ ದಿಂಬುಗಳು, ಕೆಳಗಿನದರಲ್ಲಿ ಇಸ್ತ್ರಿಗೆ ಕಾಯುವ ಬಟ್ಟೆಯ ರಾಶಿ; ಮಕ್ಕಳೆಲ್ಲ ಅಜ್ಜಿಯ ಮಗ್ಗುಲಲ್ಲಿ ನೆಲದ ಮೇಲೆ. ಇನ್ನೊಂದು ಕಡೆ, ಸೀರೆಯ ಪರದೆ ಎಳೆದ ಒಂದೇ ಕೋಣೆಯ ಮನೆಯಲ್ಲಿ, ಮೂರನೇ ತರಗತಿಯ ಹುಡುಗಿಯೊಬ್ಬಳು ಕಿಟಕಿಯ ದಂಡೆಯ ಮೇಲೆ ತನ್ನ ಪೆನ್ಸಿಲು, ಬಾಚಣಿಗೆ, ಎರಡು ಬಳೆ, ಒಂದು ಸಂತನ ಚಿತ್ರ ಇಷ್ಟನ್ನೂ ಗೆರೆ ಎಳೆದಂತೆ ಜೋಡಿಸಿಟ್ಟಿದ್ದಳು. ಅದು ಅವಳ ಕೋಣೆ. ನೋಡಿದವರಿಗೆ ಬಾಗಿಲು ತಟ್ಟಿ ಒಳಗೆ ಹೋಗಬೇಕು ಅನ್ನಿಸುವಂತಿತ್ತು.

ಮಾನ್ವಿಗೆ ನಾವು ಕೊಟ್ಟದ್ದು ಯಜಮಾನರು ಪೈಂಟಿನ ಡಬ್ಬಗಳನ್ನು ತುಂಬಿಡುತ್ತಿದ್ದ ಸಣ್ಣ ಕೋಣೆ. ಹೈವೇಯ ಬದಿಯಲ್ಲಿ ಅವರದ್ದೊಂದು ಪೈಂಟ್ ಅಂಗಡಿ. ಡಬ್ಬಗಳನ್ನೆಲ್ಲ ಅಲ್ಲಿಗೆ ಸಾಗಿಸಿ, ಗೋಡೆ ಉಜ್ಜಿ, ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೇಳಿದರು.

"ಗೋಡೆಗೆ ಎಂತ ಬಣ್ಣ ಬೇಕು?"

"ದೋಸೆದ್ದು."

ಅವರು ನಗಲಿಲ್ಲ. ಅಂಗಡಿಯಲ್ಲಿ ಗಿರಾಕಿಯನ್ನು ಕೇಳುವಷ್ಟೇ ಗಂಭೀರವಾಗಿ ಕೇಳಿದರು, "ಯಾವ ಬದಿಯದ್ದು? ಬಿಳಿ ಬದಿಯದ್ದಾ, ಕಾದ ಬದಿಯದ್ದಾ?"

"ಕಾದ ಬದಿ."

ಮೂರು ದಿನ ಬಗೆಬಗೆಯ ಡಬ್ಬಗಳ ತಳ ಕೆರೆದು ಬೆರೆಸಿ ಆ ಬಣ್ಣ ತಂದರು. ನಾನು ಶಾಸ್ತ್ರಪ್ರಕಾರ ಮೇಜನ್ನು ಕಿಟಕಿ ಎಡಕ್ಕೆ ಬರುವಂತೆ ಇಡಿಸಿದೆ. ಒಂದು ವಾರ ಕಳೆದ ಮೇಲೆ ತಿಳಿಯಿತು, ಹುಡುಗಿ ಎಡಗೈಯವಳು. ನನ್ನ ನಲವತ್ತು ನಿಮಿಷದ ಭಾಷಣ ಅವಳ ಕೈಯ ನೆರಳಾಗಿ ಪುಸ್ತಕದ ಮೇಲೆ ಬಿದ್ದಿತ್ತು. ಮೇಜನ್ನು ಮತ್ತೆ ತಿರುಗಿಸಿದೆವು.

ಕಪಾಟಿನ ಕತೆ ಇಷ್ಟು ಸುಲಭವಾಗಿರಲಿಲ್ಲ. ಮೊದಲ ಎರಡು ವಾರ ಅವಳು ಅದರೊಳಗೆ ಏನನ್ನೂ ಇಡಗೊಡಲಿಲ್ಲ. ಬಟ್ಟೆಯೆಲ್ಲ ಬಂದ ಬ್ಯಾಗಿನಲ್ಲೇ. ದಿನಾ ಬೆಳಿಗ್ಗೆ ಒಂದು ಅಂಗಿ ತೆಗೆಯುವುದು, ಬ್ಯಾಗಿನ ಜಿಪ್ ಎಳೆದು ಬಾಗಿಲ ಬಳಿ ಇಡುವುದು. "ಕಪಾಟಿನಲ್ಲಿ ಇಡುವನಾ?" ಎಂದು ಕೇಳಿದರೆ, "ಬೇಡ, ಅಮ್ಮ ಬರುವಾಗ ತಡ ಆಗ್ತದೆ," ಎನ್ನುತ್ತಿದ್ದಳು. ನಾನು ಶಾಲೆಯಲ್ಲಿ ಎಷ್ಟೋ ಮಕ್ಕಳ ಅಳುವನ್ನು ನಿಲ್ಲಿಸಿದವಳು. ಅಳದೇ ಇರುವ ಮಗುವನ್ನು ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಹದಿನೈದನೇ ದಿನವೋ ಏನೋ, ಶಾಲೆಯಿಂದ ಬಂದು ನೋಡುತ್ತೇನೆ, ಎಲ್ಲಕ್ಕಿಂತ ಕೆಳಗಿನ ಖಾನೆಯಲ್ಲಿ ಒಂದೇ ಒಂದು ಅಂಗಿ ಇದೆ, ಮುದ್ದೆ ಮಾಡಿ ಇಟ್ಟದ್ದು. ಮರುದಿನ ಇನ್ನೊಂದು. ಬ್ಯಾಗು ಖಾಲಿಯಾದ ದಿನ ನಾನು ಕೂತು ಐದು ಚೀಟಿ ಬರೆದು ಅಂಟಿಸಿದೆ. ಓದಲು ಬಾರದ ಮಗುವಿಗೆ ಚೀಟಿ ಎಂತಕ್ಕೆ ಎಂದು ಯಜಮಾನರು ಕೇಳಿದರು. ಓದಲು ಕಲಿಯಲಿಕ್ಕೆ ಎಂದೆ. ನಿಜವಾದ ಕಾರಣ ಅದಲ್ಲ. ಅಂಟಿಸಿದರೆ ಅವು ಅಲ್ಲೇ ಉಳಿಯುತ್ತವೆ ಎಂಬ ಆಸೆ.

ಹರಿಣಿಗೆ ವರ್ಷಕ್ಕೊಮ್ಮೆ, ಬೇಸಗೆ ರಜೆಯಲ್ಲಿ, ಒಂದು ತಿಂಗಳ ರಜೆ ಸಿಗುತ್ತಿತ್ತು. ಬಂದ ದಿನ ಪೆಟ್ಟಿಗೆ ಬಿಚ್ಚುವ ಸಂಭ್ರಮ. ಎರಡು ದಿನ ಕಳೆದ ಮೇಲೆ ಕಪಾಟಿನ ಬಾಗಿಲು ತೆರೆಯುತ್ತಿದ್ದಳು.

"ಇದೆಂತ ಅಕ್ಕ, ಹೀಗೆ ಒಂದರ ಮೇಲೆ ಒಂದು ಇಟ್ರೆ ಮಗು ಅಡಿಯದ್ದನ್ನು ಎಳೆಯುವಾಗ ಎಲ್ಲ ಬೀಳುದಿಲ್ವಾ?"

ಬಟ್ಟೆಯೆಲ್ಲ ಮಂಚದ ಮೇಲೆ ಗುಡ್ಡೆ ಬೀಳುತ್ತಿತ್ತು. ಅವಳದ್ದು ಆಸ್ಪತ್ರೆಯ ಶಿಸ್ತು. ಪ್ರತಿ ಅಂಗಿಯನ್ನೂ ಚಕ್ಕುಲಿಯ ಒರಳಿಗೆ ತುಂಬುವ ಹಿಟ್ಟಿನ ಹಾಗೆ ಬಿಗಿಯಾಗಿ ಸುರುಳಿ ಸುತ್ತಿ ಸಾಲಾಗಿ ನಿಲ್ಲಿಸುವುದು. ಹಾಸಿಗೆಯ ಬಟ್ಟೆಯನ್ನು ಮೂಲೆಗಳಲ್ಲಿ ಎಷ್ಟು ಬಿಗಿಯಾಗಿ ಮಡಚಿ ಸಿಕ್ಕಿಸುತ್ತಿದ್ದಳೆಂದರೆ ಹೊದಿಕೆಯೊಳಗೆ ಮಗುವಿನ ಕಾಲು ತೂರಿಸಲು ನಾವಿಬ್ಬರೂ ಸೇರಬೇಕು. ನಾನು, "ಚಂದ ಆಯ್ತು," ಎಂದು ನಗುತ್ತಿದ್ದೆ. ಅವಳು ಹೊರಡುವ ದಿನ ಗೇಟಿನವರೆಗೆ ಹೋಗಿ ಕೈಬೀಸಿ, ವ್ಯಾನು ಹೈವೇಗೆ ತಿರುಗಿದ ಕೂಡಲೇ ಒಳಗೆ ಬಂದು, ಉಟ್ಟ ಸೀರೆಯನ್ನೂ ಬದಲಿಸದೆ, ಸುರುಳಿಗಳನ್ನೆಲ್ಲ ಬಿಚ್ಚಿ ನನ್ನ ಪ್ರಕಾರ ಮಡಿಸಿಡುತ್ತಿದ್ದೆ. ಮಂಗಳೂರಿನಿಂದ ಅವಳ ವಿಮಾನ ಇನ್ನೂ ಏರಿರುತ್ತಿರಲಿಲ್ಲ.

ಮೂರು ವರ್ಷ ಹೀಗೇ ನಡೆಯಿತು. ಮಾನ್ವಿ ಎರಡೂ ಕ್ರಮಗಳನ್ನು ಕಲಿತಳು. ಒಂದು ಸಂಜೆ ಅವಳು ದೊಡ್ಡಪ್ಪನಿಗೆ ಹೇಳುವುದು ಕೇಳಿಸಿತು, "ನಾಡಿದ್ದು ಅಮ್ಮ ಬರ್ತಾಳೆ. ಇನ್ನು ಸುರುಳಿ."

ಯಜಮಾನರು ಮಾತು ಕಡಿಮೆಯವರು. ಅಂದು ಊಟ ಮಾಡುತ್ತಾ ಇದ್ದಕ್ಕಿದ್ದಂತೆ ಕೇಳಿದರು, "ಅಕ್ಕತಂಗಿ ಆ ಟ್ರಂಕಿನ ರಟ್ಟು ದೂಡುವುದನ್ನು ಇನ್ನೂ ಬಿಡ್ಲಿಲ್ವಾ?"

"ನಾನೆಂತ ದೂಡಿದ್ದು?" ಎಂದೆ. ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಎಂದು ಕೇಳಿ ಮಾತು ತಿರುಗಿಸಿದೆ.

ನಾಲ್ಕನೇ ವರ್ಷ ಹರಿಣಿ ಬಂದ ಮರುದಿನವೇ ನೆಂಟರ ಮದುವೆ. ಕಪಾಟಿಗೆ ಅವಳ ಕೈ ಇನ್ನೂ ತಾಗಿರಲಿಲ್ಲ. ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಕೋಣೆಯಿಂದ ಅವಳ ಸ್ವರ ಬಂತು.

"ಅಕ್ಕ, ಇವಳ ಹಸಿರು ಲಂಗದ ಒಳಲಂಗ ಎಲ್ಲಿ?"

"ಮೂರನೇ ಖಾನೆ, ಬಲಗಡೆ, ಹಳದಿ ಟವೆಲಿನ ಅಡಿಯಲ್ಲಿ ಉಂಟು ನೋಡು. ಅದರ ಲಾಡಿ ಒಳಗೆ ಹೋಗಿದೆ, ಪಿನ್ನು ಹಾಕಿ ಎಳಿ. ಬಿಗಿ ಕಟ್ಟಬೇಡ, ಅವಳಿಗೆ ಸೊಂಟದಲ್ಲಿ ಕೆಂಪಾಗ್ತದೆ."

ತುರಿಯುವ ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದೆ. ಸುಳ್ಳು ಹೇಳುವುದಿಲ್ಲ, ಒಂದೊಂದು ಮಾತನ್ನೂ ಬೆಲ್ಲದ ಚೂರಿನಂತೆ ಬಾಯಲ್ಲಿ ತಿರುಗಿಸಿ ಹೇಳಿದೆ. ತುರಿದು ಮುಗಿಸಿ ಕೈ ಒರೆಸಿಕೊಂಡು ಕೋಣೆಗೆ ಹೋದೆ. ಮಾನ್ವಿ ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದಳು. ಹರಿಣಿ ಮಂಚದ ಮೇಲೆ ಕೂತಿದ್ದಳು, ಒಳಲಂಗ ಮಡಿಲಲ್ಲಿ.

"ವಾರ್ಡಿನಲ್ಲಿ ಇಪ್ಪತ್ತು ಮಕ್ಕಳು ಅಕ್ಕ," ಎಂದಳು. "ಯಾವ ಮಗುವಿಗೆ ಎಂತ ಮದ್ದು, ಯಾವ ಮಗುವಿಗೆ ಯಾವ ಕೈಯಲ್ಲಿ ಸೂಜಿ ಹಾಕಿದ್ರೆ ಅಳುದಿಲ್ಲ, ನಾನು ಕಣ್ಣು ಮುಚ್ಚಿ ಹೇಳ್ತೇನೆ. ನನ್ನ ಮಗಳ ಒಳಲಂಗ ಎಲ್ಲಿ ಉಂಟು ಅಂತ ನಿನ್ನತ್ರ ಕೇಳ್ಬೇಕು."

ಅವಳು ಒಳಲಂಗದ ಅಂಚನ್ನು ಮಡಿಲಲ್ಲೇ ನೇರ ಮಾಡಿದಳು.

"ನಿನಗೆ ಕೋಪ ಬರ್ತದೆ ಅಂತ ಗೊತ್ತುಂಟು, ನಾನು ಕಪಾಟಿಗೆ ಕೈ ಹಾಕುವಾಗ. ನಾನು ಹೋದ ಕೂಡ್ಲೆ ನೀನು ಪುನಃ ಮಡಿಸ್ತಿ ಅಂತಲೂ ಗೊತ್ತುಂಟು, ಮಾನ್ವಿ ಫೋನಿನಲ್ಲಿ ಹೇಳ್ತಾಳೆ. ಆದ್ರೆ ಒಂದು ತಿಂಗಳಲ್ಲಿ ಅವಳಿಗೆ ಮಾಡ್ಲಿಕ್ಕೆ ನನಗೆ ಬೇರೆ ಎಂತ ಉಂಟು ಹೇಳು. ಅವಳ ಊಟ ನಿನಗೆ ಗೊತ್ತು, ಪಾಠ ನಿನಗೆ ಗೊತ್ತು. ಬಟ್ಟೆ ಒಂದು ಸುತ್ತಿ ಇಡ್ಬಹುದು."

ಅವಳ ಕಣ್ಣಲ್ಲಿ ನೀರಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅಷ್ಟೇ ನನಗೆ ತೋಚಿದ್ದು. ಅವಳು ತಲೆ ತಗ್ಗಿಸಿ ಲಾಡಿಯನ್ನು ಎಳೆಯತೊಡಗಿದಳು. ಎಳವೆಯಿಂದ ಈ ಹುಡುಗಿಯನ್ನು ಕಸಿದುಕೊಳ್ಳುವವಳು ಎಂದೇ ತಿಳಿದಿದ್ದೆ. ಆ ಮನೆಯಲ್ಲಿ, ಆ ದಿನ, ಕಸಿದುಕೊಂಡವಳು ಯಾರೆಂದು ಕಾಣದಿರಲು ನಾನೇನು ಕುರುಡಿಯೇ?

ಆ ವರ್ಷ ಅವಳ ವ್ಯಾನು ತಿರುಗಿದ ಮೇಲೆ ನಾನು ಸೀರೆ ಬದಲಿಸಿ ಅಡುಗೆಮನೆಗೆ ಹೋದೆ. ಸುರುಳಿಗಳು ಹಾಗೇ ಇದ್ದವು. ಸಂಜೆ ಮಾನ್ವಿ ಬಂದು ಕೇಳಿದಳು, "ದೊಡ್ಡಮ್ಮ, ಅಮ್ಮ ಹೋದ್ಲಲ್ಲ, ಇನ್ನು ಮಡಿಸುವುದಲ್ವಾ?"

"ಬೇಡ. ಇನ್ನು ಹೀಗೇ ಇರ್ಲಿ."

ಅವಳು ಕಪಾಟನ್ನೂ ನನ್ನನ್ನೂ ನೋಡಿದಳು. "ಹಾಗಾದ್ರೆ ಅಮ್ಮ ಬೇಗ ಬರ್ತಾಳಾ?" ಎಂದಳು.

ಆಮೇಲಿನ ವರ್ಷಗಳಲ್ಲಿ ಸುರುಳಿ ಸುತ್ತಿದ ಯೂನಿಫಾರ್ಮಿನ ನೆರಿಗೆಗಳಿಗೆ ದಿನಾ ಬೆಳಿಗ್ಗೆ ಇಸ್ತ್ರಿ ಹಾಕಿದೆ. ಸಂಜೆ ವಿಡಿಯೋ ಕರೆ ಬಂದಾಗ ಮಾನ್ವಿ ಫೋನನ್ನು ಕಪಾಟಿನೊಳಗೆ ಹಿಡಿದು, "ನೋಡು ಅಮ್ಮ, ಸಾಲು ತಪ್ಪಲಿಲ್ಲ," ಎಂದು ತೋರಿಸುತ್ತಿದ್ದಳು. ನಾನು ಆಗ ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ, ಒಣಗದಿದ್ದರೂ ತೆಗೆಯುತ್ತಿದ್ದೆ.

ಹೋದ ವರ್ಷ ಹರಿಣಿಗೆ ಹಗಲಿನ ಡ್ಯೂಟಿ ಮಾತ್ರ ಇರುವ ಕೆಲಸ ಸಿಕ್ಕಿತು, ಎರಡು ಕೋಣೆಯ ಮನೆಯೂ ಸಿಕ್ಕಿತು. ಮೇ ತಿಂಗಳಲ್ಲಿ ಮಗಳನ್ನು ಕರೆದೊಯ್ಯಲು ಬಂದಳು. ಏಳು ವರ್ಷ ಪ್ರೋಗ್ರೆಸ್ ಕಾರ್ಡಿನಲ್ಲಿ ರಕ್ಷಕರ ಸಹಿ ನನ್ನದು. ಟಿ.ಸಿ.ಯ ಅರ್ಜಿಗೆ ಸಹಿ ಹಾಕಲು ಪೆನ್ನು ತೆಗೆದವಳು ನಾನೇ. ಆಮೇಲೆ ನೆನಪಾಗಿ ಹರಿಣಿಯ ಕೈಗೆ ಕೊಟ್ಟೆ. ಆಫೀಸಿನಲ್ಲಿದ್ದವರು ಇಬ್ಬರ ಮುಖವನ್ನೂ ನೋಡಿದರು.

ಹೊರಡುವ ಮುನ್ನ ಮಾನ್ವಿ ತನ್ನ ಪೆಟ್ಟಿಗೆಯನ್ನು ತಾನೇ ತುಂಬಿದಳು. ಹತ್ತಿರ ಹೋದರೆ, "ನನಗೆ ಗೊತ್ತುಂಟು ದೊಡ್ಡಮ್ಮ," ಎಂದಳು. ನಲವತ್ತು ನಿಮಿಷದ ಭಾಷಣದಲ್ಲಿ ನಾನು ತಾಯಂದಿರಿಗೆ ಹೇಳುತ್ತಿದ್ದದ್ದೂ ಅದನ್ನೇ, ಮಗು ತನ್ನ ಕೆಲಸ ತಾನೇ ಮಾಡಿಕೊಳ್ಳುವ ಹಾಗೆ ಬೆಳೆಸಿ ಎಂದು. ಬೆಳೆಸಿದ ಮೇಲೆ ಬಾಗಿಲ ಬಳಿ ಖಾಲಿ ಕೈಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದನ್ನು ಯಾವ ಸಭೆಯಲ್ಲೂ ಹೇಳಿದ ನೆನಪಿಲ್ಲ.

ಅವಳು ಹೋಗಿ ನಾಲ್ಕು ತಿಂಗಳಾಗಿರಬಹುದು. ಶಾಲೆಯಲ್ಲಿ ಮಧ್ಯಾಹ್ನದ ಊಟ ಮುಗಿದು ಮಕ್ಕಳು ನಳ್ಳಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದರು. ಹರಿಣಿಯ ಫೋನು ಬಂತು. ಆ ಹೊತ್ತಿಗೆ ಅವಳು ಡ್ಯೂಟಿಯಲ್ಲಿರಬೇಕಾದವಳು. ನಾನು ಜಗಲಿಯ ತುದಿಗೆ ಹೋದೆ.

"ಅಕ್ಕ, ಮೂರು ದಿನ ಆಯ್ತು. ಶಾಲೆಯಿಂದ ಬರ್ತಾಳೆ, ಕೋಣೆಗೆ ಹೋಗ್ತಾಳೆ, ಗೋಡೆಗೆ ಮುಖ ಹಾಕಿ ಮಲಗ್ತಾಳೆ. ಎಂತ ಆಯ್ತು ಕೇಳಿದ್ರೆ ಎಂತ ಇಲ್ಲ ಅಂತಾಳೆ. ಶಾಲೆಯಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ, ಅದೂ ಗೊತ್ತಿಲ್ಲ. ಜ್ವರ ಇಲ್ಲ, ನೋಡಿದೆ. ನಾನು ಎದುರು ಕೂತು ಎಷ್ಟು ಸಲ ಕೇಳ್ಲಿ? ನಿನ್ನತ್ರ ಇರುವಾಗ ಹೀಗೆ ಮಾಡ್ತಿದ್ಲಾ?"

ಮಾಡುತ್ತಿದ್ದಳು. ಎಷ್ಟೋ ಸಲ. ಆಗ ಏನು ಮಾಡಬೇಕೆಂಬುದು ಈ ಭೂಮಿಯ ಮೇಲೆ ನನಗೊಬ್ಬಳಿಗೆ ಗೊತ್ತಿತ್ತು. ಯಜಮಾನರಿಗೂ ಹೇಳಿರಲಿಲ್ಲ. ಬಾಯಿಯ ತುದಿಗೆ ಬಂದದ್ದು ಬೇರೆಯೇ ಮಾತು: ಅವಳಿಗೆ ಫೋನು ಕೊಡು, ನಾನು ಮಾತಾಡುತ್ತೇನೆ. ಕೊಟ್ಟರೆ ಅವಳು ನನಗೆ ಹೇಳುತ್ತಾಳೆ, ಅದರಲ್ಲಿ ಸಂಶಯವಿರಲಿಲ್ಲ. "ಸಂಜೆ ಅವಳಿಗೆ ಫೋನು..." ಎಂದು ಶುರುವನ್ನೂ ಮಾಡಿದೆ. ಮಕ್ಕಳ ತಟ್ಟೆಗಳ ಸದ್ದಿನಲ್ಲಿ ಹರಿಣಿಗೆ ಅದು ಕೇಳಿಸಲಿಲ್ಲ.

"ಅಕ್ಕ, ಇದ್ದೀಯಾ?"

"ಇದ್ದೇನೆ," ಎಂದೆ. "ಸರಿ ಕೇಳು. ಅವಳು ಮುಖಕ್ಕೆ ಮಾತಾಡುವ ಹುಡುಗಿ ಅಲ್ಲ. ಬೆನ್ನಿಗೆ ಮಾತಾಡುವವಳು. ನೀನು ಎದುರು ಕೂರ್ಬೇಡ. ಎಂತದೂ ಕೇಳ್ಬೇಡ. ಎಂತಾದ್ರೂ ಒಂದು ಕೆಲಸ ಹಿಡ್ಕೊಂಡು ಕೋಣೆಗೆ ಹೋಗಿ, ಅವಳ ಮಂಚಕ್ಕೆ ಬೆನ್ನು ಹಾಕಿ ನೆಲದಲ್ಲಿ ಕೂತ್ಕೊ. ಬೀನ್ಸ್ ಆದ್ರೂ ಮುರಿ, ಬಟನ್ ಆದ್ರೂ ಹೊಲಿ."

"ಎಷ್ಟು ಹೊತ್ತು?" ನರ್ಸಿನ ಪ್ರಶ್ನೆ.

"ಗಡಿಯಾರ ನೋಡ್ಬೇಡ. ಒಂದು ಹೊತ್ತಿಗೆ ಅವಳು ಕಾಲಿನ ಹೆಬ್ಬೆರಳನ್ನು ತಂದು ನಿನ್ನ ಹೆಗಲಿಗೆ ಇಡ್ತಾಳೆ. ಆಗಲೂ ತಿರುಗ್ಬೇಡ. ಆಮೇಲೆ ಹೇಳ್ತಾಳೆ."

ಇದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿದಿತ್ತು. ಹೇಳಿ ಮುಗಿಸಲು ಎರಡು ನಿಮಿಷ ಸಾಕಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂರನೇ ತರಗತಿಗೆ ಹೋಗಿ ಗುಣಾಕಾರ ಹೇಳಿಕೊಟ್ಟೆ. ಆ ದಿನದ ಒಂದು ಲೆಕ್ಕವನ್ನು ನಾನೇ ತಪ್ಪು ಮಾಡಿದೆ, ಮಕ್ಕಳು ತಿದ್ದಿದರು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಹರಿಣಿ ಕರೆ ಮಾಡಿದಳು. "ಮಾತಾಡಿದ್ಲು ಅಕ್ಕ. ನಾನು ಎರಡು ಅಂಗಿಯ ಬಟನ್ ಬಿಚ್ಚಿ ಪುನಃ ಹೊಲಿದೆ."

ಮಗಳು ಏನು ಹೇಳಿದಳೆಂದು ಅವಳು ಹೇಳಲಿಲ್ಲ. ತಾಯಿ ಮಗಳ ಮಾತು, ನಾನು ಕೇಳಲೂ ಇಲ್ಲ. ಒಂದನ್ನು ಮಾತ್ರ ಕೇಳದಿರಲಾಗಲಿಲ್ಲ.

"ಕಾಲು ಇಟ್ಲಾ?"

"ಇಟ್ಲು. ಎಷ್ಟು ತಣ್ಣಗೆ ಅಕ್ಕ, ಆ ಬೆರಳು."

"ಅವಳ ಕಾಲು ಯಾವಾಗ್ಲೂ ಹಾಗೇ."

"ಹೌದು," ಎಂದಳು ಹರಿಣಿ. "ಈಗ ನನಗೂ ಗೊತ್ತುಂಟು."

ಆಮೇಲೆ ಅಂಥ ಫೋನು ಬರಲಿಲ್ಲ. ಭಾನುವಾರ ಎಲ್ಲರೂ ಸೇರಿ ಮಾತಾಡುತ್ತೇವೆ. ಮಾನ್ವಿ ಎತ್ತರವಾಗಿದ್ದಾಳೆ, ಅರಬಿ ಅಕ್ಷರ ಬರೆದು ತೋರಿಸುತ್ತಾಳೆ, ಚೆನ್ನಾಗಿದ್ದಾಳೆ. ಶಾಲೆಯಿಂದ ತಂದ ಉತ್ತರಪತ್ರಿಕೆಗಳನ್ನು ನಾನು ಈಗ ಆ ಕೋಣೆಯಲ್ಲೇ ತಿದ್ದುವುದು, ಮಂಚಕ್ಕೆ ಬೆನ್ನು ಕೊಟ್ಟು ನೆಲದಲ್ಲಿ ಕೂತು. ಸೊಂಟಕ್ಕೆ ನೆಲವೇ ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆ ಎಂದು ಯಜಮಾನರಿಗೆ ತಿಳಿಸಿದ್ದೇನೆ. ಅವರು ಯಾವ ಡಾಕ್ಟರು ಎಂದು ಕೇಳಲಿಲ್ಲ. ಮರುದಿನ ಅಂಗಡಿಯಿಂದ ಬರುವಾಗ ಒಂದು ಹೊಸ ಚಾಪೆ ತಂದು, ಮಂಚದ ಕಾಲಿಗೆ ತಾಗಿಸಿ, ನಾನು ಕೂರುವಷ್ಟು ಜಾಗಕ್ಕೆ ಹಾಸಿಟ್ಟರು.